ಮನೆಗೊಂದು ಫೋಟೋ ಪ್ರಿಂಟರ್ ಬೇಕಾ? ಕೊಳ್ಳೋ ಮುಂಚೆ ಮಾಡಬೇಕಾದ ಲೆಕ್ಕ ಮತ್ತು ಪರೀಕ್ಷೆ

ಹೋದ ವರ್ಷ ನಮ್ಮ ತಾತ ತೀರಿಕೊಂಡರು. ಹುಣಸೂರಿನ ಹತ್ತಿರ ನಮ್ಮೂರು. ಹನ್ನೊಂದನೇ ದಿನಕ್ಕೆ ಹಾರ ಹಾಕೋಕೆ ಒಂದು ಫೋಟೋ ಬೇಕು ಅಂತ ಮನೆಯೆಲ್ಲ ಹುಡುಕಿದ್ವಿ. ಅಪ್ಪನ ಫೋನಿನಲ್ಲಿ ಸಾವಿರಾರು ಫೋಟೋ ಇತ್ತು. ಹಸು, ಟ್ರ್ಯಾಕ್ಟರ್, ಹೊಗೆಸೊಪ್ಪಿನ ಬೇಲು, ಯಾರದೋ ಗೃಹಪ್ರವೇಶ, ಗುಡ್ ಮಾರ್ನಿಂಗ್ ಮೆಸೇಜು. ತಾತ ಮಾತ್ರ ಎಲ್ಲೋ ಹಿಂದೆ ಅರ್ಧ ಮುಖದಲ್ಲಿ ನಿಂತಿದ್ದರು. ಕೊನೆಗೆ ಸಿಕ್ಕಿದ್ದು ಯಾವುದೋ ಅರ್ಜಿಗೆ ಅಂಟಿಸಿ ಉಳಿದಿದ್ದ ಒಂದು ಸ್ಟಾಂಪ್ ಸೈಜ್ ಫೋಟೋ. ಅದನ್ನೇ ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿಕೊಂಡು ಬಂದ್ವಿ. ಅಜ್ಜಿ ಅದನ್ನ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಿಮ್ ತಾತ ಅಲ್ಲ ಕಣ್ ಮಗ, ಯಾರೋ ಬೇರೆಯವ್ರು ಕಂಡಂಗೆ ಕಾಣ್ತದೆ" ಅಂದರು.

ಅವತ್ತು ನನಗೆ ಬಂದ ಯೋಚನೆ: ಮನೇಲೇ ಒಂದು ಪುಟ್ಟ ಫೋಟೋ ಪ್ರಿಂಟರ್ ಇದ್ದಿದ್ದರೆ? ಆನ್‌ಲೈನ್‌ನಲ್ಲಿ ಹುಡುಕಿದರೆ ಎಲ್ಲಾ ಯಂತ್ರಕ್ಕೂ ನಾಲ್ಕೂವರೆ ಸ್ಟಾರ್. ಎಲ್ಲರ ಜಾಹೀರಾತಿನಲ್ಲೂ ನಗುತ್ತಿರುವ ಬೆಳ್ಳನೆ ಮುಖಗಳು. ನಮ್ಮ ಮನೆಗೆ ಯಾವುದು ಸರಿ ಅಂತ ಅಲ್ಲಿ ಯಾರೂ ಹೇಳಲ್ಲ. ಹಾಗಾಗಿ ನಾವು ನಾಲ್ಕು ಜನ ಗೆಳೆಯರು ಸೇರಿ, ನೆಂಟರಿಂದ, ಸೀನಿಯರ್‌ಗಳಿಂದ ಎರವಲು ತಂದ ಯಂತ್ರಗಳನ್ನ ಇಟ್ಟುಕೊಂಡು ಒಂದು ಸಣ್ಣ ಅಧ್ಯಯನ ಮಾಡಿದ್ವಿ. ಆ ಯಂತ್ರಗಳ ಹೆಸರು ಇಲ್ಲಿ ಬರೆದಿಲ್ಲ. ಒಂದೇ ಒಂದು ಯಂತ್ರ ನೋಡಿ ಒಂದು ಕಂಪನಿ ಬಗ್ಗೆ ತೀರ್ಪು ಕೊಡೋದು ಸರಿಯಲ್ಲ ಅಂತ ಕ್ವಾಲಿಟಿ ಕಂಟ್ರೋಲ್ ಪೇಪರ್ ಪಾಸಾದ ಯಾರಿಗಾದರೂ ಗೊತ್ತಿರುತ್ತೆ. ವಿಧಾನ ಹೇಳ್ತೀನಿ, ನೀವೇ ಮಾಡಿ ನೋಡಿ.

1. ತಾತನ ಫೋಟೋ ಯಾಕೆ ಕೆಟ್ಟಿತು?

ಮೊದಲು ಇದಕ್ಕೆ ಉತ್ತರ ಹುಡುಕೋಣ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ನಮ್ಮ ಕಣ್ಣು ಸುಮಾರು ಒಂದು ಆರ್ಕ್ ಮಿನಿಟ್, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದಲ್ಲಿರೋ ಎರಡು ಚುಕ್ಕೆಗಳನ್ನ ಬೇರೆ ಬೇರೆ ಅಂತ ಗುರುತಿಸಬಲ್ಲದು. ಕೈಯಲ್ಲಿ ಹಿಡಿದ ಫೋಟೋ ಕಣ್ಣಿಂದ 30 ಸೆಂ.ಮೀ. ದೂರ ಇದೆ ಅಂದುಕೊಳ್ಳಿ. ಆ ಕೋನಕ್ಕೆ ಕಾಗದದ ಮೇಲೆ ಬರೋ ಅಗಲ ಸುಮಾರು 0.087 ಮಿ.ಮೀ. ಒಂದು ಇಂಚಿಗೆ ಇಂಥವು 291 ಹಿಡಿಸುತ್ತೆ. ಫೋಟೋ ಪ್ರಿಂಟ್‌ಗೆ 300 ಡಿಪಿಐ ಸಾಕು ಅಂತ ಎಲ್ಲರೂ ಹೇಳೋ ಮಾತಿನ ಹಿಂದೆ ಇರೋದು ಇದೇ ಲೆಕ್ಕ. ಗೋಡೆ ಮೇಲಿನ ಫೋಟೋನ 2 ಮೀಟರ್ ದೂರದಿಂದ ನೋಡ್ತೀವಿ ಅಂದರೆ ಇಂಚಿಗೆ 44 ಪಿಕ್ಸೆಲ್ ಇದ್ದರೂ ನಡೆಯುತ್ತೆ.

ಈಗ ತಾತನ ಫೋಟೋಗೆ ಬನ್ನಿ. ಒಂದು ಇಂಚು ಅಗಲದ ಸ್ಟಾಂಪ್ ಸೈಜ್ ಪ್ರಿಂಟ್‌ನಲ್ಲಿ ಹೆಚ್ಚೆಂದರೆ 300 ಪಿಕ್ಸೆಲ್‌ನಷ್ಟು ಮಾಹಿತಿ ಇರುತ್ತೆ. ಅದನ್ನ 12 ಇಂಚು ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ 25 ಪಿಕ್ಸೆಲ್ ಮಾತ್ರ. 44 ಬೇಕಿದ್ದ ಕಡೆ 25. ದೂರದಿಂದ ನೋಡಿದರೂ ಮಸುಕೇ. ಆಮೇಲೆ ಸಾಫ್ಟ್‌ವೇರ್ ಕೂತು, ಇಲ್ಲದ ಕಣ್ಣು, ಇಲ್ಲದ ಸುಕ್ಕು ಎಲ್ಲವನ್ನೂ ಊಹೆ ಮಾಡಿ ತುಂಬಿತು. ಅಜ್ಜಿ ಹೇಳಿದ್ದು ನಿಜ. ಅದು ಪೂರ್ತಿ ತಾತ ಆಗಿರಲಿಲ್ಲ.

ಇಲ್ಲಿ ಒಂದು ಪಾಠ ಇದೆ. ತಪ್ಪು ಪ್ರಿಂಟರ್‌ದಲ್ಲ, ಸ್ಟುಡಿಯೋದವರದೂ ಅಲ್ಲ. ಮಾಹಿತಿಯೇ ಇರಲಿಲ್ಲ. ಎಂಥ ಯಂತ್ರ ತಂದರೂ ಇಲ್ಲದ ಮಾಹಿತಿ ಹುಟ್ಟಲ್ಲ.

2. ನಾಲ್ಕು ತಾಲೂಕು, ನಾಲ್ಕು ಅಗತ್ಯ

ಯಾವ ಪ್ರಿಂಟರ್ ಒಳ್ಳೇದು ಅಂತ ಕೇಳೋ ಮೊದಲು ಯಾರಿಗೆ, ಎಲ್ಲಿ, ಯಾವ ಕೆಲಸಕ್ಕೆ ಅಂತ ಬರೆದಿಟ್ಟುಕೊಳ್ಳಬೇಕು. ನಮ್ಮ ನಾಲ್ವರ ಪಟ್ಟಿ ಹೀಗಿತ್ತು.

ಹುಣಸೂರು (ನಾನು): ಮನೆಯವರ ಫೋಟೋ, ಆಲ್ಬಂಗೆ, ಗೋಡೆಗೆ. ವರ್ಷಕ್ಕೆ ನೂರು ಫೋಟೋ ಆದರೆ ಹೆಚ್ಚು. ಸೊಪ್ಪು ಬೇಯಿಸೋ ಕಾಲದಲ್ಲಿ ಬ್ಯಾರನ್ ಪಕ್ಕದ ಮನೆ ಅಂದರೆ ಬಿಸಿ, ಹೊಗೆ, ಧೂಳು ಮೂರೂ ಇರುತ್ತೆ. ತೆಗೆದ ಫೋಟೋ ಇಪ್ಪತ್ತು ವರ್ಷ ಆದ್ರೂ ಉಳೀಬೇಕು.

ಪಿರಿಯಾಪಟ್ಟಣ (ನಮ್ಮ ಕ್ಲಾಸಿನ ಗೆಳತಿ): ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡೋಕೆ ದಿನಾ ಪ್ರವಾಸಿಗರು ಬರ್ತಾರೆ. ಅವರಿಗೆ ಅಲ್ಲೇ ಫೋಟೋ ತೆಗೆದು ಅಲ್ಲೇ ಕೊಟ್ಟರೆ ಅಣ್ಣನಿಗೊಂದು ಸಣ್ಣ ಕೆಲಸ ಆಗುತ್ತಾ ಅಂತ ಅವಳ ಪ್ರಶ್ನೆ. ಬೇಗ ಬರಬೇಕು, ಬ್ಯಾಟರಿಯಲ್ಲಿ ನಡೀಬೇಕು.

ಕೆ.ಆರ್. ನಗರ (ನನ್ನ ರೂಮ್‌ಮೇಟ್): ಅವನ ಮಾವನದು ಒಂದು ಜೆರಾಕ್ಸ್ ಅಂಗಡಿ. ಅಡ್ಮಿಷನ್ ಸಮಯದಲ್ಲಿ, ಸ್ಕಾಲರ್‌ಶಿಪ್ ಸಮಯದಲ್ಲಿ ಪಾಸ್‌ಪೋರ್ಟ್ ಸೈಜ್ ಕೇಳಿಕೊಂಡು ಹುಡುಗರು ಬರ್ತಾರೆ. ಜನವರಿಯ ಚುಂಚನಕಟ್ಟೆ ದನಗಳ ಜಾತ್ರೇಲಿ ಎತ್ತಿನ ಜೊತೆ ರೈತರ ಫೋಟೋ ತೆಗೆದುಕೊಡೋ ಆಸೆಯೂ ಇವನಿಗಿದೆ. ಅಳತೆ ಕರಾರುವಾಕ್ಕಾಗಿ ಬರಬೇಕು, ಖರ್ಚು ಕಡಿಮೆ ಇರಬೇಕು.

ಎಚ್.ಡಿ. ಕೋಟೆ (ನಮ್ಮ ಸೀನಿಯರ್): ಕಾಡಂಚಿನ ಹಾಡಿಗಳಲ್ಲಿ ಮಕ್ಕಳಿಗೆ ರಜೆಯಲ್ಲಿ ಪಾಠ ಹೇಳ್ತಾರೆ. ಅಲ್ಲಿನ ಜೇನುಕುರುಬ, ಬೆಟ್ಟಕುರುಬ ಹಿರಿಯರ ಫೋಟೋ ಎಷ್ಟೋ ಜನ ತೆಗೆದುಕೊಂಡು ಹೋಗಿದ್ದಾರೆ, ತಿರುಗಿ ಒಂದು ಪ್ರತಿ ಕೊಟ್ಟವರು ಕಮ್ಮಿ. "ಫೋಟೋ ನಮ್ದು, ಮನೆ ಮಾತ್ರ ಅವ್ರುದು" ಅಂತ ಒಬ್ಬ ಅಜ್ಜ ಅಂದಿದ್ದರಂತೆ. ಕೇಳಿ ಅನುಮತಿ ತಗೊಂಡು ತೆಗೆದು, ಅಲ್ಲೇ ಅವರ ಕೈಗೆ ಕೊಟ್ಟು ಬರಬೇಕು. ನೆಟ್‌ವರ್ಕ್ ಇಲ್ಲ, ಕರೆಂಟು ನಂಬೋ ಹಾಗಿಲ್ಲ.

ಒಂದೇ ಜಿಲ್ಲೆ, ಒಂದೇ ವಸ್ತು, ನಾಲ್ಕು ಬೇರೆ ಬೇರೆ ಸ್ಪೆಸಿಫಿಕೇಷನ್. ಇದು ಮಾಡದೆ ಸ್ಟಾರ್ ನೋಡಿ ಕೊಂಡರೆ ಬೇರೆಯವರ ಅಗತ್ಯಕ್ಕೆ ನಾವು ದುಡ್ಡು ಕೊಟ್ಟ ಹಾಗೆ.

3. ಡಬ್ಬಿ ಒಳಗೆ ಏನು ನಡೆಯುತ್ತೆ?

ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಫೋಟೋ ಪ್ರಿಂಟರ್‌ಗಳು ಮುಖ್ಯವಾಗಿ ಮೂರು ಬಗೆ. ಮೂರೂ ಬೇರೆ ಬೇರೆ ಭೌತಶಾಸ್ತ್ರ, ಬೇರೆ ಬೇರೆ ರಸಾಯನಶಾಸ್ತ್ರ.

ಡೈ ಸಬ್ಲಿಮೇಷನ್. ಕ್ಯಾನನ್‌ನ ಸೆಲ್ಫಿ ಸರಣಿ ಇದಕ್ಕೆ ಎಲ್ಲರಿಗೂ ಗೊತ್ತಿರೋ ಉದಾಹರಣೆ (ನಾವು ಕೈ ಚಾಚಿ ತೆಗೆಯೋ ಸೆಲ್ಫಿಗೂ ಇದಕ್ಕೂ ಸಂಬಂಧ ಇಲ್ಲ). ಇಂಕ್ ಬದಲು ತೆಳ್ಳನೆ ಪ್ಲಾಸ್ಟಿಕ್ ರಿಬ್ಬನ್ ಇರುತ್ತೆ. ಅದರ ಮೇಲೆ ಹಳದಿ, ಮೆಜೆಂಟಾ, ಸಯಾನ್ ಬಣ್ಣದ ಪಟ್ಟಿಗಳು, ಕೊನೆಗೊಂದು ಪಾರದರ್ಶಕ ರಕ್ಷಣಾ ಪದರ. ಥರ್ಮಲ್ ಹೆಡ್‌ನಲ್ಲಿ ಇಂಚಿಗೆ 300ರಂತೆ ಸಾಲಾಗಿ ಪುಟ್ಟ ಹೀಟರ್‌ಗಳು. ಒಂದೊಂದು ಹೀಟರ್ ಎಷ್ಟು ಬಿಸಿ ಆಗುತ್ತೋ ಅಷ್ಟು ಬಣ್ಣ ರಿಬ್ಬನ್‌ನಿಂದ ಕಾಗದದ ಮೇಲ್ಪದರದೊಳಕ್ಕೆ ಇಳಿಯುತ್ತೆ. ಹೆಸರು ಸಬ್ಲಿಮೇಷನ್ ಅಂತಿದ್ದರೂ ಹೆಚ್ಚಾಗಿ ನಡೆಯೋದು ಡಿಫ್ಯೂಷನ್. ಒಂದೊಂದು ಬಣ್ಣಕ್ಕೆ 256 ಮಟ್ಟ, ಮೂರೂ ಸೇರಿದರೆ 256ರ ಘನ, ಅಂದರೆ ಸುಮಾರು 1 ಕೋಟಿ 68 ಲಕ್ಷ ಬಣ್ಣ. ಇಂಕ್‌ಜೆಟ್‌ನಲ್ಲಿ ಒಂದು ತಿಳಿ ಬಣ್ಣ ಬೇಕಾದರೆ ಚುಕ್ಕೆಗಳನ್ನ ವಿರಳವಾಗಿ ಸಿಂಪಡಿಸಿ ಕಣ್ಣಿಗೆ ಮೋಸ ಮಾಡಬೇಕು. ಇಲ್ಲಿ ಒಂದೊಂದು ಚುಕ್ಕೆಯೇ ತಿಳಿಯಾಗಬಲ್ಲದು. ಅದಕ್ಕೇ 300 ಡಿಪಿಐ ಡೈ ಸಬ್ ಪ್ರಿಂಟು ನುಣ್ಣಗೆ ಕಾಣುತ್ತೆ. ಈ ತಂತ್ರ ಹೊಸದೇನಲ್ಲ. ಸೋನಿ ಕಂಪನಿ 1981ರಲ್ಲಿ ಮಾವಿಕಾ ಅನ್ನೋ ಫಿಲ್ಮ್ ಇಲ್ಲದ ಕ್ಯಾಮೆರಾ ತೋರಿಸಿತು. ಅದರ ಚಿತ್ರವನ್ನ ಕಾಗದಕ್ಕೆ ಇಳಿಸೋಕೆ ಮಾವಿಗ್ರಾಫ್ ಅನ್ನೋ ಪ್ರಿಂಟರ್ ಮಾಡಿದಾಗ ಬಳಸಿದ್ದು ಇದೇ ದಾರಿ.

ಸೆಲ್ಫಿ ಸಿಪಿ1500 ಮಾದರಿಗೆ ಕಂಪನಿ ಹೇಳೋ ಲೆಕ್ಕ: 100 × 148 ಮಿ.ಮೀ. ಕಾಗದ, ಒಂದು ಪ್ರಿಂಟಿಗೆ ಸುಮಾರು 41 ಸೆಕೆಂಡು. 108ರ ಪ್ಯಾಕ್ ಅಂದರೆ 108 ಹಾಳೆ, 36 ಫೋಟೋ ಬರೋ ರಿಬ್ಬನ್ ಕ್ಯಾಸೆಟ್ ಮೂರು.

ಜಿಂಕ್. ಅಂದರೆ ಸತು ಅಲ್ಲ, ಝೀರೋ ಇಂಕ್. ಪೋಲರಾಯ್ಡ್ ಪ್ರಯೋಗಾಲಯದಲ್ಲಿ ಹುಟ್ಟಿ 2005ರಲ್ಲಿ ಬೇರೆ ಕಂಪನಿ ಆಯ್ತು. ಎಚ್‌ಪಿ ಸ್ಪ್ರಾಕೆಟ್‌ನಂಥ ಅಂಗೈ ಯಂತ್ರಗಳಲ್ಲಿ ಇರೋದು ಇದು. ಬಣ್ಣ ಎಲ್ಲ ಕಾಗದದೊಳಗೇ ಬಣ್ಣವಿಲ್ಲದ ಹರಳಾಗಿ ಮೂರು ಪದರದಲ್ಲಿ ಮಲಗಿರುತ್ತೆ. ಮೇಲಿನ ಹಳದಿ ಪದರಕ್ಕೆ ಹೆಚ್ಚು ಬಿಸಿ, ಕಡಿಮೆ ಹೊತ್ತು. ಕೆಳಗಿನ ಸಯಾನ್ ಪದರಕ್ಕೆ ಕಡಿಮೆ ಬಿಸಿ, ಹೆಚ್ಚು ಹೊತ್ತು. ನಡುವಿನ ಮೆಜೆಂಟಾಗೆ ಎರಡರ ಮಧ್ಯೆ. ಹೀಟ್ ಟ್ರಾನ್ಸ್‌ಫರ್ ಓದಿರೋರಿಗೆ ಇದೊಂದು ಚೆಂದದ ಉದಾಹರಣೆ. ಒಂದೇ ಹೆಡ್, ಉಷ್ಣ ಮತ್ತು ಸಮಯ ಎರಡನ್ನ ಬದಲಿಸಿ ಬೇಕಾದ ಪದರವನ್ನ ಮಾತ್ರ ಎಬ್ಬಿಸುತ್ತೆ. ಕಾಗದ ಸಾಮಾನ್ಯವಾಗಿ 2 × 3 ಇಂಚು, ಹಿಂದೆ ಅಂಟು.

ಇನ್‌ಸ್ಟಂಟ್ ಫಿಲ್ಮ್. ಫ್ಯೂಜಿಫಿಲ್ಮ್‌ನ ಇನ್‌ಸ್ಟಾಕ್ಸ್ ಲಿಂಕ್ ಈ ಜಾತಿ. ಇದು ನಿಜ ಹೇಳಬೇಕಂದರೆ ಪ್ರಿಂಟರ್ ಅಲ್ಲ, ಒಳಗೆ ಕೂತು ನಿಮ್ಮ ಫೋನಿನ ಚಿತ್ರವನ್ನ ಬೆಳಕಿನಿಂದ ಫಿಲ್ಮ್ ಮೇಲೆ ಬರೆಯೋ ಯಂತ್ರ. ಬೆಳ್ಳಿಯ ಲವಣ ಇರೋ ನಿಜವಾದ ಫಿಲ್ಮ್. ಹೊರಗೆ ಬರುವಾಗ ರೋಲರ್ ಒತ್ತಿ ರಾಸಾಯನಿಕದ ಪೇಸ್ಟ್ ಹರಡುತ್ತೆ. ಮಿನಿ ಫಿಲ್ಮ್‌ನಲ್ಲಿ ಚಿತ್ರದ ಅಳತೆ 62 × 46 ಮಿ.ಮೀ., ಒಂದು ಪ್ಯಾಕಿಗೆ 10 ಹಾಳೆ. ಚಿತ್ರ ನಿಧಾನಕ್ಕೆ ಮೂಡೋದನ್ನ ನೋಡೋಕೆ ಮಕ್ಕಳು ಮುಗಿಬೀಳ್ತಾರೆ.

ಇವುಗಳ ಜೊತೆ ಹೋಲಿಸೋಕೆ ನಾಲ್ಕನೆಯದು, ಅಂಗಡಿಗಳಲ್ಲಿ ಇರೋ ಟ್ಯಾಂಕ್ ಇಂಕ್‌ಜೆಟ್. ಇದು ಎತ್ತಿಕೊಂಡು ಓಡಾಡೋ ವಸ್ತುವಲ್ಲ. ಆದರೆ ದಿನಾ ಕೆಲಸ ಇದ್ದರೆ ಖರ್ಚಿನಲ್ಲಿ ಇದನ್ನ ಮೀರಿಸೋದು ಕಷ್ಟ. ದಿನಾ ಕೆಲಸ ಇಲ್ಲದಿದ್ದರೆ ನಾಝಲ್ ಒಣಗುತ್ತೆ. ಸೆಮಿಸ್ಟರ್ ಪೂರ್ತಿ ಹಾಸ್ಟೆಲ್‌ನಲ್ಲಿರೋ ನಮ್ಮಂಥವರ ಮನೆಯಲ್ಲಿ ಅದು ಮುಚ್ಚಿಟ್ಟೇ ಕೆಡುತ್ತೆ.

4. ಮಾಡಿ ನೋಡಬೇಕಾದ ಏಳು ಪರೀಕ್ಷೆ

ಅಳತೆ ಪರೀಕ್ಷೆ. ಕಂಪ್ಯೂಟರ್‌ನಲ್ಲಿ ಸರಿಯಾಗಿ 50 ಮಿ.ಮೀ. ಉದ್ದದ ಒಂದು ಗೆರೆ ಹಾಕಿ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿ. ಅಂಚಿಲ್ಲದ ಪ್ರಿಂಟ್ ಆಯ್ಕೆ ಮಾಡಿದರೆ ಬಿಳಿ ಅಂಚು ಉಳಿಯದಿರಲಿ ಅಂತ ಯಂತ್ರ ಚಿತ್ರವನ್ನ ಸ್ವಲ್ಪ ಹಿಗ್ಗಿಸುತ್ತೆ. ಮನೆ ಫೋಟೋಗೆ ಪರವಾಗಿಲ್ಲ, 35 × 45 ಮಿ.ಮೀ. ಕೇಳೋ ಅರ್ಜಿಗೆ ಅದು ತಪ್ಪು. ಕೆ.ಆರ್. ನಗರದ ಲೆಕ್ಕಕ್ಕೆ ಇದೇ ಮೊದಲ ಪರೀಕ್ಷೆ. ಇನ್ನೊಂದು ಸಣ್ಣ ಲೆಕ್ಕ: 100 × 148ರ ಹಾಳೇಲಿ ಈ ಫೋಟೋ ನೆಟ್ಟಗೆ ಜೋಡಿಸಿದರೆ 6 ಹಿಡಿಸುತ್ತೆ. ಅಡ್ಡಡ್ಡ ಮಲಗಿಸಿದರೆ 45ರಂತೆ ಎರಡು, 35ರಂತೆ ನಾಲ್ಕು, ಒಟ್ಟು 8. ಹಾಳೆ ಅದೇ, ಖರ್ಚು ಅದೇ, ಎರಡು ಫೋಟೋ ಲಾಭ.

ತಲೆ ಕತ್ತರಿಸೋ ಪರೀಕ್ಷೆ. ಫೋನಿನ ಫೋಟೋ 4:3, ಕಾಗದ ಹೆಚ್ಚುಕಡಿಮೆ 3:2. ಪೂರ್ತಿ ಹಾಳೆ ತುಂಬಿಸಿದರೆ ಚಿಕ್ಕ ಬದಿಯಲ್ಲಿ ಸುಮಾರು ಶೇ. 11ರಷ್ಟು ಚಿತ್ರ ಹೋಗುತ್ತೆ. ಮದುವೆ ಗುಂಪು ಫೋಟೋದಲ್ಲಿ ಆ 11ರೊಳಗೆ ಹಿಂದಿನ ಸಾಲಿನ ದೊಡ್ಡಪ್ಪನ ತಲೆ ಇರುತ್ತೆ. ಆ್ಯಪ್‌ನಲ್ಲಿ ಎಲ್ಲಿ ಕತ್ತರಿಸಬೇಕು ಅಂತ ನಾವೇ ಹೇಳೋಕೆ ಆಗುತ್ತಾ ನೋಡಿ.

ಮುಖದ ಬಣ್ಣದ ಪರೀಕ್ಷೆ. ನಮಗೆ ಅತಿ ಮುಖ್ಯ ಅನ್ನಿಸಿದ್ದು ಇದು. 1950ರ ದಶಕದಿಂದ ಫೋಟೋ ಲ್ಯಾಬ್‌ಗಳಲ್ಲಿ ಬಣ್ಣ ಸರಿಹೊಂದಿಸೋಕೆ ಕೊಡಾಕ್ ಕಳಿಸ್ತಿದ್ದ ಮಾದರಿ ಚಿತ್ರದಲ್ಲಿ ಇರ್ತಿದ್ದದ್ದು ಬಿಳಿ ಹೆಣ್ಣುಮಗಳು. ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರು. ಬಿಳಿ ಚರ್ಮ ಸರಿಯಾಗಿ ಬಂದರೆ ಎಲ್ಲ ಸರಿ ಅಂತ ಲೆಕ್ಕ. ಕಪ್ಪು ಮುಖಗಳು ವಿವರ ಇಲ್ಲದೆ ಮುಚ್ಚಿಹೋಗ್ತಿದ್ವು. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಇದರ ಇತಿಹಾಸ ಬರೆದಿದ್ದಾರೆ. ಇವತ್ತು ಆ ಕಾರ್ಡ್ ಇಲ್ಲ, ಅದರ ಜಾಗಕ್ಕೆ ಆ್ಯಪ್‌ನ ಆಟೋ ಕರೆಕ್ಷನ್ ಬಂದಿದೆ. ಬಿಸಿಲಲ್ಲಿ ದುಡಿದ ಮುಖವನ್ನ ಅದು "ಸರಿ" ಮಾಡೋಕೆ ಹೋಗಿ ಬೂದಿ ಬಳಿದ ಹಾಗೆ ಮಾಡಿಬಿಡುತ್ತೆ.

ಹಾಗಾಗಿ ನಮ್ಮದೇ ಒಂದು ಟೆಸ್ಟ್ ಚಿತ್ರ ಮಾಡಿಕೊಂಡ್ವಿ. ಬಾಗಿಲ ಜಗಲಿ ನೆರಳಲ್ಲಿ ಕೂತ ಅಜ್ಜಿ, ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ ಚಿಕ್ಕಪ್ಪ, ಒಂದು ತಟ್ಟೇಲಿ ಅರಿಶಿನ ಕುಂಕುಮ, ಒಂದು ಹಸಿರು ಬಾಳೆಲೆ, ಬೆಂದ ಹೊಗೆಸೊಪ್ಪಿನ ಒಂದು ಎಲೆ, ಒಂದು ಕರೀ ಕೊಡೆ. ಆಟೋ ಕರೆಕ್ಷನ್ ಹಾಕಿ ಒಂದು, ತೆಗೆದು ಒಂದು. ಅಜ್ಜಿ ಮುಖದ ಸುಕ್ಕು ಕಾಣುತ್ತಾ? ಪಂಚೆಯ ಮಡಿಕೆ ಕಾಣುತ್ತಾ? ಎರಡೂ ಒಂದೇ ಪ್ರಿಂಟಲ್ಲಿ ಕಂಡರೆ ಯಂತ್ರ ಗೆದ್ದ ಹಾಗೆ. ಕೊಡೆ ನಿಜವಾಗಿ ಕಪ್ಪಾ ಅಥವಾ ಕಂದಾ ಅಂತಲೂ ನೋಡಿ. ಡೈ ಸಬ್‌ನಲ್ಲಿ ಕಪ್ಪು ಬಣ್ಣದ ಪಟ್ಟಿ ಬೇರೆ ಇರಲ್ಲ, ಮೂರು ಬಣ್ಣ ಸೇರಿಯೇ ಕಪ್ಪಾಗಬೇಕು. ಹೋಲಿಸುವಾಗ ಟ್ಯೂಬ್‌ಲೈಟ್ ಕೆಳಗಲ್ಲ, ಹಗಲು ಬೆಳಕಿನಲ್ಲಿ ನೋಡಿ. ನಮ್ಮ ಪರೀಕ್ಷೆಯಲ್ಲಿ ಡೈ ಸಬ್ ಎಲ್ಲರಿಗೂ ಒಪ್ಪಿಗೆ ಆಯ್ತು, ಅದೂ ಆಟೋ ಕರೆಕ್ಷನ್ ತೆಗೆದ ಮೇಲೆ. ಜಿಂಕ್‌ನಲ್ಲಿ ಕುಂಕುಮ ಮಂಕಾಯ್ತು. ಇನ್‌ಸ್ಟಂಟ್ ಫಿಲ್ಮ್‌ನಲ್ಲಿ ನೆರಳೆಲ್ಲ ಕಪ್ಪಿಗೆ ಸೇರಿಕೊಂಡಿತು, ಆದರೂ ಅಜ್ಜಿಗೆ ಅದೇ ಇಷ್ಟ ಆಯ್ತು. "ಹಳೇ ಕಾಲದ್ದಂಗದೆ" ಅಂದರು.

ಏರೋಪ್ಲೇನ್ ಮೋಡ್ ಪರೀಕ್ಷೆ. ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಅಥವಾ ಬ್ಲೂಟೂತ್ ಮಾತ್ರ ಆನ್ ಮಾಡಿ, ಪ್ರಿಂಟ್ ಕೊಡಿ. ಕೆಲವು ಆ್ಯಪ್‌ಗಳು ಇಂಟರ್ನೆಟ್ ಇಲ್ಲ ಅಂದರೆ ಲಾಗಿನ್ ಕೇಳಿಕೊಂಡು ನಿಂತುಬಿಡುತ್ವೆ. ಎಚ್.ಡಿ. ಕೋಟೆ ಕಾಡಂಚಿಗೆ ಹೋದಮೇಲೆ ಇದು ಗೊತ್ತಾದರೆ ಏನು ಪ್ರಯೋಜನ? ಎಸ್‌ಡಿ ಕಾರ್ಡ್‌ನಿಂದ ನೇರ ಪ್ರಿಂಟ್ ಮಾಡೋ ಸೌಲಭ್ಯ ಇದ್ದರೆ ಅದಕ್ಕೆ ಹೆಚ್ಚು ಅಂಕ ಕೊಡಿ.

ಕರೆಂಟ್ ಪರೀಕ್ಷೆ. ಇಲ್ಲಿ ಪವರ್ ಮತ್ತು ಎನರ್ಜಿ ಎರಡನ್ನೂ ಬೇರೆ ಬೇರೆ ನೋಡಬೇಕು. ಒಂದು ಯಂತ್ರ 60 ವ್ಯಾಟ್ ಎಳೆದುಕೊಂಡು 41 ಸೆಕೆಂಡಲ್ಲಿ ಪ್ರಿಂಟ್ ಮಾಡುತ್ತೆ ಅಂತ ಹಿಡಿಯಿರಿ. ಒಂದು ಫೋಟೋಗೆ 0.68 ವ್ಯಾಟ್-ಅವರ್. ನೂರು ಫೋಟೋಗೂ ಒಂದು ಯೂನಿಟ್‌ನ ಸುಮಾರು ಹದಿನೈದನೇ ಒಂದು ಭಾಗ. ಕರೆಂಟ್ ಬಿಲ್ ಚಿಂತೆ ಬೇಡ. 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ 3.7 ವೋಲ್ಟ್ ಲೆಕ್ಕದಲ್ಲಿ 37 ವ್ಯಾಟ್-ಅವರ್ ಇರುತ್ತೆ, ಕಾಗದದ ಮೇಲೆ 50 ಫೋಟೋಗೆ ಸಾಕು. ಆದರೆ ಅದೇ ಪವರ್ ಬ್ಯಾಂಕ್ ಒಮ್ಮೆಗೆ 10 ವ್ಯಾಟ್ ಮಾತ್ರ ಕೊಡೋದಾದರೆ 60 ಕೇಳೋ ಯಂತ್ರ ಶುರುವೇ ಆಗಲ್ಲ. ತೊಟ್ಟಿ ತುಂಬ ನೀರಿದ್ದರೂ ನಲ್ಲಿ ಸಣ್ಣದಿದ್ದರೆ ಏನು ಮಾಡ್ತೀರಿ, ಹಾಗೆ. ಜಿಂಕ್ ಮತ್ತು ಇನ್‌ಸ್ಟಂಟ್ ಯಂತ್ರಗಳಲ್ಲಿ ಬ್ಯಾಟರಿ ಒಳಗೇ ಇರುತ್ತೆ, ಅದು ಅವುಗಳ ದೊಡ್ಡ ಅನುಕೂಲ.

ಧೂಳಿನ ಪರೀಕ್ಷೆ. ಡೈ ಸಬ್ ಯಂತ್ರದಲ್ಲಿ ಹಾಳೆ ನಾಲ್ಕು ಸಲ ಹಿಂದೆ ಮುಂದೆ ಓಡಾಡುತ್ತೆ. ಹಿಂಬದಿಯಲ್ಲಿ ಜಾಗ ಬಿಡಬೇಕು, ಹೊರಗೆ ಬಂದ ಹಾಳೆ ಮುಟ್ಟಬಾರದು. ಹಾಳೆ ಮೇಲೊಂದು ಧೂಳಿನ ಕಣ ಕೂತರೆ ಅಲ್ಲಿ ಬಣ್ಣ ಇಳಿಯಲ್ಲ, ಬಿಳೀ ಚುಕ್ಕೆ ಉಳಿಯುತ್ತೆ. ರಾಗಿ ಕಣದ ಪಕ್ಕ ಇಟ್ಟು ಪ್ರಿಂಟ್ ತೆಗೆದು ನಾವು ಇದನ್ನ ಕಣ್ಣಾರೆ ಕಂಡ್ವಿ. ಜಾತ್ರೇಲಿ ಇಡೋದಾದರೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ, ಗಾಳಿ ಆಡೋಕೆ ಜಾಗ ಬಿಟ್ಟು ಇಡಬೇಕು.

ಬಾಳಿಕೆ ಪರೀಕ್ಷೆ. ಒಂದೇ ಫೋಟೋದ ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬೀಳೋ ಕಿಟಕಿಗೆ ಅಂಟಿಸಿ. ಎರಡು ತಿಂಗಳು ಬಿಟ್ಟು ತೆಗೆದರೆ ಎರಡು ಅರ್ಧದ ವ್ಯತ್ಯಾಸ ಎಲ್ಲ ಹೇಳುತ್ತೆ. ಇನ್ನೊಂದು ಪ್ರತಿ ಮೇಲೆ ಒಂದು ತೊಟ್ಟು ನೀರು, ಎಣ್ಣೆ ಬೆರಳು. ಪ್ಯಾಕ್ ಮೇಲೆ ಬರೆಯೋ "100 ವರ್ಷ" ಅನ್ನೋ ಮಾತನ್ನ ಪೂರ್ತಿ ಓದಿ. ಅದು ಆಲ್ಬಂನಲ್ಲಿಟ್ಟರೆ, ಅದೂ ಗರಿಷ್ಠ. ಇಂಥ ಅಂದಾಜು ಬರೋದು ಹೆಚ್ಚು ಬಿಸಿ, ಹೆಚ್ಚು ಬೆಳಕಲ್ಲಿ ಬೇಗ ಹಾಳು ಮಾಡಿ, ಅದರಿಂದ ಮುಂದಿನ ವರ್ಷಗಳನ್ನ ಲೆಕ್ಕ ಹಾಕಿ. ಅರೇನಿಯಸ್ ಸಮೀಕರಣ ಮೊದಲ ವರ್ಷದಲ್ಲೇ ಓದಿದ್ದೀರಿ. ಅವರ ಪ್ರಯೋಗಾಲಯದಲ್ಲಿ ಸೌದೆ ಒಲೆ ಹೊಗೆ ಇರಲ್ಲ.

ಜೊತೆಗೆ ಮೂರು ಎಚ್ಚರಿಕೆ. ನಮ್ಮ ಕಡೆ ಏನೇ ಕಾಗದ ಸಿಕ್ಕರೂ ಬಿಸಿ ಲ್ಯಾಮಿನೇಷನ್ ಮಾಡಿಸ್ತಾರೆ. ಜಿಂಕ್ ಫೋಟೋಗೆ ಹಾಗೆ ಮಾಡಬೇಡಿ, ಕಾಗದದೊಳಗೆ ಉಳಿದ ಬಣ್ಣ ಎಲ್ಲ ಎದ್ದುಬಿಡುತ್ತೆ. ಡೈ ಸಬ್ ಫೋಟೋನ ಮೆತ್ತನೆ ಪಿವಿಸಿ ಕವರ್‌ನಲ್ಲಿ ಇಡಬೇಡಿ, ಆ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ರಾಸಾಯನಿಕ ಬಣ್ಣವನ್ನ ಎಳೆದುಕೊಳ್ಳುತ್ತೆ. ಇನ್‌ಸ್ಟಂಟ್ ಫಿಲ್ಮ್‌ನ ಕತ್ತರಿಸಬೇಡಿ, ಒಳಗೆ ಕ್ಷಾರದ ಪೇಸ್ಟ್ ಇದೆ, ಮಕ್ಕಳ ಕೈಗೆ ಒಳ್ಳೇದಲ್ಲ.

5. ದುಡ್ಡಿನ ಲೆಕ್ಕ

ಸೂತ್ರ ಸುಲಭ:

ಒಂದು ಫೋಟೋ ಖರ್ಚು = (ಯಂತ್ರದ ಬೆಲೆ ÷ ಒಟ್ಟು ತೆಗೆಯೋ ಫೋಟೋ) + (ಪ್ಯಾಕ್ ಬೆಲೆ ÷ ಸರಿಯಾಗಿ ಬಂದ ಫೋಟೋ)

ಇಲ್ಲಿ ಬರೋ ಬೆಲೆಗಳೆಲ್ಲ ಲೆಕ್ಕ ತೋರಿಸೋಕೆ ನಾನು ಹಿಡಿದಿರೋದು, ನಿಮ್ಮೂರಿನ ಬೆಲೆ ಹಾಕಿಕೊಳ್ಳಿ. ಯಂತ್ರ 12,000 ರೂಪಾಯಿ, 108 ಹಾಳೆಯ ಪ್ಯಾಕ್ 2,700. ಎಂಟು ಹಾಳೆ ಹಾಳಾಗಿ 100 ಸರಿ ಬಂತು ಅಂದರೆ ಹಾಳೆಗೆ 27 ರೂಪಾಯಿ. ನನ್ನ ಹಾಗೆ ವರ್ಷಕ್ಕೆ ನೂರರಂತೆ ಮೂರು ವರ್ಷ ತೆಗೆದರೆ ಯಂತ್ರದ ಪಾಲು 40, ಒಟ್ಟು 67 ರೂಪಾಯಿ. ಸ್ಟುಡಿಯೋದಲ್ಲಿ ಅದೇ ಫೋಟೋ 20ಕ್ಕೆ ಸಿಗೋದಾದರೆ ನಾನು ಎಷ್ಟು ವರ್ಷ ತೆಗೆದರೂ ಲಾಭ ಇಲ್ಲ. ಯಾಕಂದರೆ ಹಾಳೆ ಖರ್ಚೇ 27.

ಅದೇ ಯಂತ್ರ ಕೆ.ಆರ್. ನಗರದ ಅಂಗಡೀಲಿ ಇಟ್ಟರೆ ಕಥೆ ಬೇರೆ. ಒಂದು ಹಾಳೇಲಿ 8 ಪಾಸ್‌ಪೋರ್ಟ್ ಫೋಟೋ. ಅದಕ್ಕೆ 80 ರೂಪಾಯಿ ತಗೊಂಡರೆ ಹಾಳೆ ಖರ್ಚು ಕಳೆದು 53 ಉಳಿಯುತ್ತೆ. 12,000ವನ್ನ 53ರಿಂದ ಭಾಗಿಸಿ: 227 ಹಾಳೆಗೆ ಯಂತ್ರದ ದುಡ್ಡು ವಾಪಸ್. ಯಂತ್ರ ಒಂದೇ, ಒಬ್ಬನಿಗೆ ಖರ್ಚು, ಇನ್ನೊಬ್ಬನಿಗೆ ದುಡಿಮೆ.

ಡೈ ಸಬ್‌ನಲ್ಲಿ ಇನ್ನೊಂದು ವಿಷಯ ಗಮನಿಸಿ. ಚಿತ್ರ ಎಷ್ಟೇ ತಿಳಿಯಾಗಿರಲಿ, ಪುಟ್ಟದಾಗಿರಲಿ, ಒಂದು ಫೋಟೋಗೆ ಒಂದು ಸೆಟ್ ರಿಬ್ಬನ್ ಮುಗೀತು. ಉಳಿತಾಯ ಅನ್ನೋದೇ ಇಲ್ಲ. ಇಂಕ್‌ಜೆಟ್ ಹಾಗಲ್ಲ. ಆದರೆ ಇದರಿಂದ ಒಂದು ಅನುಕೂಲ, ಖರ್ಚು ಮೊದಲೇ ಖಚಿತ, ಇಂಕ್ ಎಷ್ಟು ಉಳಿದಿದೆ ಅಂತ ಊಹಿಸಬೇಕಿಲ್ಲ. ಪ್ಯಾಕ್ ನಿಮ್ಮೂರಲ್ಲಿ ಸಿಗುತ್ತಾ ಅಂತ ಮೊದಲೇ ವಿಚಾರಿಸಿ. ಜಾತ್ರೆ ಮಧ್ಯೆ ಹಾಳೆ ಮುಗಿದು, ಆನ್‌ಲೈನ್‌ನಲ್ಲಿ ಐದು ದಿನ ಅಂತ ತೋರಿಸಿದರೆ ಯಂತ್ರ ಬರೀ ಡಬ್ಬಿ.

6. ರಿಬ್ಬನ್ ಮರೆಯಲ್ಲ

ಇದು ನಮಗೂ ಪರೀಕ್ಷೆ ಮಾಡುವಾಗಲೇ ಗೊತ್ತಾಗಿದ್ದು. ಮುಗಿದ ಕ್ಯಾಸೆಟ್ ಬಿಚ್ಚಿ ರಿಬ್ಬನ್ ಬೆಳಕಿಗೆ ಹಿಡಿದು ನೋಡಿ. ತೆಗೆದ ಪ್ರತಿ ಫೋಟೋದ ನೆಗೆಟಿವ್ ಅದರ ಮೇಲೆ ಹಾಗೇ ಇರುತ್ತೆ, ಹಳದಿಯಲ್ಲೊಂದು, ಮೆಜೆಂಟಾದಲ್ಲೊಂದು, ಸಯಾನ್‌ನಲ್ಲೊಂದು. ಕಾಗದಕ್ಕೆ ಎಲ್ಲೆಲ್ಲಿ ಬಣ್ಣ ಹೋಯ್ತೋ ಅಲ್ಲೆಲ್ಲ ರಿಬ್ಬನ್ ಖಾಲಿ. ಅಂಗಡೀಲಿ ಯಾರದೋ ಮಗಳ ಫೋಟೋ, ಯಾರದೋ ಗುರುತಿನ ಚೀಟಿ ಪ್ರಿಂಟ್ ಮಾಡಿ ಕ್ಯಾಸೆಟ್ ಕಸಕ್ಕೆ ಎಸೆದರೆ ಅವರೆಲ್ಲರ ಮುಖವನ್ನೂ ರಸ್ತೆಗೆ ಎಸೆದ ಹಾಗೆ. ರಿಬ್ಬನ್ ಎಳೆದು ಕತ್ತರಿಯಿಂದ ಸಣ್ಣಗೆ ತುಂಡು ಮಾಡಿ. ಸುಡಬೇಡಿ, ಅದು ಪ್ಲಾಸ್ಟಿಕ್. ವ್ಯಾಪಾರಕ್ಕೆ ಇಡೋರು ಇದನ್ನ ಮೊದಲ ದಿನದಿಂದ ರೂಢಿ ಮಾಡಿಕೊಳ್ಳಬೇಕು.

7. ಅಂಕ ಹಾಕಿ ನೋಡಿದಾಗ

ಡಿಸೈನ್ ತರಗತಿಯಲ್ಲಿ ಕಲಿಯೋ ಡಿಸಿಷನ್ ಮ್ಯಾಟ್ರಿಕ್ಸ್‌ನ ಇಲ್ಲಿ ಬಳಸಿದ್ವಿ. ಬಣ್ಣ, ಬಾಳಿಕೆ, ಅಳತೆ, ವೇಗ, ಬ್ಯಾಟರಿ, ಖರ್ಚು, ಹೀಗೆ ಪಟ್ಟಿ ಮಾಡಿ ಒಬ್ಬೊಬ್ಬರೂ ತಮ್ಮ ತಮ್ಮ ಅಗತ್ಯಕ್ಕೆ ತಕ್ಕ ಹಾಗೆ ತೂಕ ಕೊಟ್ಟೆವು. ಮುಖ್ಯ ವಿಷಯ, ತೂಕವನ್ನ ಯಂತ್ರ ನೋಡೋ ಮುಂಚೆ ಬರೆದಿಡಬೇಕು. ನೋಡಿದ ಮೇಲೆ ಬರೆದರೆ ಮನಸ್ಸಿಗೆ ಹಿಡಿಸಿದ ಯಂತ್ರ ಗೆಲ್ಲೋ ಹಾಗೆ ನಮಗೇ ಗೊತ್ತಿಲ್ಲದೆ ಅಂಕ ಕೊಡ್ತೀವಿ.

ಬಂದ ಉತ್ತರ ಹೀಗೆ. ಪಿರಿಯಾಪಟ್ಟಣದ ಗೆಳತಿಗೆ ಇನ್‌ಸ್ಟಂಟ್ ಫಿಲ್ಮ್. ಪ್ರವಾಸಿಗರಿಗೆ ಬೇಕಾಗಿರೋದು ನೆನಪಿನ ವಸ್ತು, ಕರಾರುವಾಕ್ಕಾದ ಬಣ್ಣ ಅಲ್ಲ. ಕೆ.ಆರ್. ನಗರಕ್ಕೆ ಡೈ ಸಬ್. ಎಚ್.ಡಿ. ಕೋಟೆಗೆ ಬ್ಯಾಟರಿ ಹಾಕಬಹುದಾದ ಡೈ ಸಬ್, ಎಸ್‌ಡಿ ಕಾರ್ಡ್ ಸಮೇತ. ಜಿಂಕ್ ನಾಲ್ವರಲ್ಲಿ ಯಾರಿಗೂ ಬರಲಿಲ್ಲ. ಹಾಸ್ಟೆಲ್ ಬಾಗಿಲಿಗೆ, ಲ್ಯಾಬ್ ನೋಟ್‌ಬುಕ್‌ಗೆ ಅಂಟಿಸೋಕೆ ಫೋಟೋ ಬೇಕು ಅನ್ನೋರಿಗೆ ಅದಕ್ಕಿಂತ ಸುಲಭ ಇನ್ನೊಂದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಹುಣಸೂರಿನ ನನಗೆ ಬಂದ ಉತ್ತರ: ಕೊಳ್ಳಬೇಡ. ವರ್ಷಕ್ಕೆ ನೂರು ಫೋಟೋಗೆ ಯಂತ್ರ ದಂಡ. ಫೋನಿನ ಮೂಲ ಫೈಲ್ ತಗೊಂಡು ಹೋಗಿ ಸ್ಟುಡಿಯೋದಲ್ಲಿ ಹಾಕಿಸು.

ಮೂಲ ಫೈಲ್ ಅನ್ನೋದನ್ನ ಒತ್ತಿ ಹೇಳ್ತೀನಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಉದ್ದ ಬದಿಯಲ್ಲಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತೆ. 6 ಇಂಚಿನ ಪ್ರಿಂಟಿಗೆ ಅದು ಹೇಗೋ ನಡೆಯುತ್ತೆ, ಆದರೆ ಗುಂಪು ಫೋಟೋದಿಂದ ಒಬ್ಬರ ಮುಖ ಕತ್ತರಿಸಿ ದೊಡ್ಡದು ಮಾಡೋಕೆ ಹೊರಟರೆ ತಾತನ ಕಥೆಯೇ ಮತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಲೆಕ್ಕ ಬೇಡ ಅಂದರೂ ನನಗೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ಸೀನಿಯರ್ ಒಂದು ದಾರಿ ಹೇಳಿದರು. ಅವರೂ ನಾನೂ ಕೆ.ಆರ್. ನಗರದವನೂ ಸೇರಿ ಒಂದೇ ಯಂತ್ರ ಕೊಂಡ್ವಿ. ಅಡ್ಮಿಷನ್ ಸಮಯದಲ್ಲಿ ಅದು ಅಂಗಡೀಲಿ ದುಡಿಯುತ್ತೆ, ರಜೆಯಲ್ಲಿ ಹಾಡಿಗೆ ಹೋಗುತ್ತೆ, ಹಬ್ಬಕ್ಕೆ ನಮ್ಮನೆಗೆ ಬರುತ್ತೆ. ಮೂರು ಜನದ ಫೋಟೋ ಸೇರಿದಾಗ ಸೂತ್ರದ ಮೊದಲ ಭಾಗ ಸಣ್ಣದಾಯ್ತು.

ದೀಪಾವಳಿಗೆ ಊರಿಗೆ ತಂದಾಗ ಮೊದಲು ತೆಗೆದದ್ದು ಅಜ್ಜಿ ಫೋಟೋ. ಜಗಲಿ ನೆರಳಲ್ಲಿ, ಆಟೋ ಕರೆಕ್ಷನ್ ಇಲ್ಲದೆ. ಹಳದಿ ಬಂತು, ಕೆಂಪಾಯ್ತು, ಆಮೇಲೆ ಮುಖ ಮೂಡಿತು. ಅಜ್ಜಿ ಪ್ರತಿ ಸಲ ಹಾಳೆ ಒಳಗೆ ಹೋದಾಗಲೂ "ಅಯ್ಯೋ, ನುಂಗ್ಬುಡ್ತಲ್ಲ" ಅಂತಿದ್ದರು. ಕೈಗೆ ಕೊಟ್ಟಾಗ ಸೆರಗಿನಿಂದ ಒರೆಸಿ, ಕಿಟಕಿ ಹತ್ತಿರ ಹಿಡಿದು ನೋಡಿ, "ಇದು ನಾನೇಯ" ಅಂದರು. ಆಮೇಲೆ ಗೋಡೆ ಮೇಲಿನ ತಾತನ ಫೋಟೋ ಕಡೆ ತಿರುಗಿ, "ಅವ್ರುದೂ ಒಂದು ಹಿಂಗೆ ತೆಗೀಬೋದಿತ್ತು" ಅಂದರು.

ಈ ವಾರ ಊರಿಗೆ ಹೋಗೋರು ಪ್ರಿಂಟರ್ ಇಲ್ಲದಿದ್ದರೂ ಪರವಾಗಿಲ್ಲ, ಮನೇಲಿರೋ ಹಿರಿಯರದು ಒಂದೊಂದು ಫೋಟೋ ನೆರಳಲ್ಲಿ ಕೂರಿಸಿ, ಮುಖ ಪೂರ್ತಿ ಬರೋ ಹಾಗೆ ತೆಗೆದುಕೊಂಡು ಬನ್ನಿ. ಮೂಲ ಫೈಲ್ ಎರಡು ಕಡೆ ಉಳಿಸಿಡಿ. ಕಾಗದಕ್ಕೆ ಇಳಿಸೋದು ಆಮೇಲೂ ಆಗುತ್ತೆ.